ಮೂಲವ್ಯಾಧಿ ಎಂದುಕೊಂಡ ಮೇಲೆ ಮೂಲವನ್ನು ಹುಡುಕುವವರಾರು?

ಮೊದಲ ಸಲ ಅದನ್ನು ಕಂಡದ್ದು ಒಂದು ಬೆಳಿಗ್ಗೆ, ಕೆಲಸಕ್ಕೆ ಹೊರಡುವ ಆತುರದಲ್ಲಿ. ಕಮೋಡಿನ ಬಿಳಿ ಪಿಂಗಾಣಿಯ ಮೇಲೆ ಎರಡು ಮೂರು ಕೆಂಪು ಹನಿಗಳಿದ್ದವು. ಇನ್ನೊಂದು ಹನಿ ನೀರಿಗೆ ಬಿದ್ದು, ನೂಲಿನ ಎಳೆಯಂತೆ ಬಿಚ್ಚಿಕೊಳ್ಳುತ್ತ ತಳಕ್ಕೆ ಇಳಿಯುತ್ತಿತ್ತು. ನೋವಿರಲಿಲ್ಲ, ಉರಿಯಿರಲಿಲ್ಲ, ಹೊಟ್ಟೆಯಲ್ಲಿ ಯಾವ ಸಂಕಟವೂ ಇರಲಿಲ್ಲ. ಒಂದು ಕ್ಷಣ ನಿಂತು ನೋಡಿ, ನೀರು ಬಿಟ್ಟು, ಕೈ ತೊಳೆದುಕೊಂಡು ಹೊರಗೆ ಬಂದೆ. ಬಾಗಿಲ ಚಿಲಕ ತೆಗೆಯುವಷ್ಟರಲ್ಲೇ ತೀರ್ಪು ಸಿದ್ಧವಾಗಿತ್ತು: ಪೈಲ್ಸ್ ಇರಬೇಕು. ಆಗ ನನಗೆ 51 ವರ್ಷ. ಆ ತೀರ್ಪನ್ನು ಯಾರ ಮುಂದೆಯೂ ಇಡದೆ ಏಳು ತಿಂಗಳು ಇಟ್ಟುಕೊಂಡಿದ್ದೆ.

ಹೀಗೆ ಮುಚ್ಚಿಟ್ಟದ್ದು ಹೆದರಿಕೆಯಿಂದ ಎಂದರೆ ಪೂರ್ತಿ ನಿಜವಾಗುವುದಿಲ್ಲ, ನಾಚಿಕೆಯೇ ಹೆಚ್ಚಾಗಿತ್ತು. ಎದೆನೋವೆಂದರೆ ಮನೆಮಂದಿಯೆಲ್ಲ ಎದ್ದು ನಿಲ್ಲುತ್ತಾರೆ, ಮಂಡಿನೋವೆಂದರೆ ಎದುರಿಗಿದ್ದವರೂ ತಮ್ಮ ಮಂಡಿಯ ಕಥೆ ಹೇಳುತ್ತಾರೆ. ಆದರೆ ಮಲದ್ವಾರದಲ್ಲಿ ರಕ್ತ ಬರುತ್ತಿದೆ ಎಂಬ ವಾಕ್ಯಕ್ಕೆ ನಮ್ಮ ಮಾತುಕತೆಯಲ್ಲಿ ಕೂರಲು ಜಾಗವಿಲ್ಲ. ಹೆಂಡತಿಯೊಂದಿಗೂ ಹೇಳಿಕೊಳ್ಳಲಾಗದ ಸಂಗತಿಯನ್ನು ಮನಸ್ಸು ಬಹು ಬೇಗ ಒಂದು ಸಣ್ಣ ಹೆಸರಿನೊಳಗೆ ಮಡಚಿಡುತ್ತದೆ. ಪೈಲ್ಸ್ ಎಂಬುದು ಅಂಥದೊಂದು ಹೆಸರು. ಕನ್ನಡದಲ್ಲಿ ಅದನ್ನು ಮೂಲವ್ಯಾಧಿ ಎನ್ನುತ್ತೇವೆ. ಮೂಲವೆಂದರೆ ಬುಡವೂ ಹೌದು, ಕಾರಣವೂ ಹೌದು. ಆದರೆ ವಿಚಿತ್ರವೆಂದರೆ, ಮೂಲವ್ಯಾಧಿ ಎಂದು ಒಮ್ಮೆ ಕರೆದುಬಿಟ್ಟ ಮೇಲೆ ಮೂಲ ಯಾವುದೆಂದು ಹುಡುಕುವ ಗೋಜಿಗೆ ಯಾರೂ ಹೋಗುವುದಿಲ್ಲ, ನಾನೂ ಹೋಗಲಿಲ್ಲ.

ನನ್ನ ಲೆಕ್ಕಾಚಾರಕ್ಕೆ ಆಧಾರವೇ ಇರಲಿಲ್ಲವೆಂದಲ್ಲ. ಶೌಚದ ವೇಳೆ ಕಾಣುವ ಅಚ್ಚಕೆಂಪು ರಕ್ತಕ್ಕೆ ಬಹುಪಾಲು ಸಂದರ್ಭಗಳಲ್ಲಿ ಮೂಲವ್ಯಾಧಿಯೋ ಗುದದ ಬಿರುಕೋ ಕಾರಣವಾಗಿರುತ್ತದೆ ಎಂಬುದು ನಿಜ. ನಾನು ತಪ್ಪು ತಿಳಿದಿದ್ದದ್ದು ಬೇರೆಯದನ್ನು. ಮೂಲವ್ಯಾಧಿ ಎಂದರೆ ಹೊಸದಾಗಿ ಬೆಳೆದ ಗಂಟು ಎಂದು ಭಾವಿಸಿದ್ದೆ. ವಾಸ್ತವದಲ್ಲಿ ಗುದನಾಳದ ಒಳಗೋಡೆಯಲ್ಲಿ ರಕ್ತನಾಳಗಳಿಂದ ತುಂಬಿದ ಮೆತ್ತೆಗಳು ಎಲ್ಲರಿಗೂ ಹುಟ್ಟಿನಿಂದಲೇ ಇರುತ್ತವೆ. ಗಾಳಿ ಮತ್ತು ನೀರು ತಾವಾಗಿ ಸೋರದಂತೆ ಬಾಯಿ ಬಿಗಿಹಿಡಿಯುವ ಕೆಲಸದಲ್ಲಿ ಅವೂ ಪಾಲುದಾರರು. ವರ್ಷಗಟ್ಟಲೆ ಮುಕ್ಕಿರಿದು, ಗಂಟೆಗಟ್ಟಲೆ ಕಮೋಡಿನ ಮೇಲೆ ಕುಳಿತು, ಅಥವಾ ಬಸಿರಿನ ಭಾರದಿಂದ ಆ ಮೆತ್ತೆಗಳ ಹಿಡಿತ ಸಡಿಲಗೊಂಡು ಅವು ಊದಿ ಕೆಳಗೆ ಜಾರಿದಾಗ ಅದು ಕಾಯಿಲೆಯಾಗುತ್ತದೆ. ಅಲ್ಲಿ ಸಣ್ಣ ಅಪಧಮನಿಗಳು ನೇರವಾಗಿ ಅಭಿಧಮನಿಗಳಿಗೆ ಕೂಡಿಕೊಂಡಿರುವುದರಿಂದಲೇ ಸುರಿಯುವ ರಕ್ತ ಅಷ್ಟು ಅಚ್ಚಕೆಂಪಾಗಿರುತ್ತದೆ.

ಇನ್ನೊಂದು ಸಂಗತಿ ನನಗೆ ತಿಳಿದದ್ದು ಬಹಳ ತಡವಾಗಿ, ತಿಳಿದಾಗ ಸ್ವಲ್ಪ ಬೆಚ್ಚಿಬಿದ್ದೆ. ಗುದನಾಳದ ಉದ್ದವೇ ಮೂರು ನಾಲ್ಕು ಸೆಂಟಿಮೀಟರ್. ಅದರ ನಡುಭಾಗದಲ್ಲಿ ಹಲ್ಲಿನ ಸಾಲಿನಂತೆ ಏರಿಳಿಯುವ ಒಂದು ಗೆರೆಯಿದೆ. ಗೆರೆಯ ಕೆಳಗಿನದು ಚರ್ಮದ ನೆಂಟ: ಮುಟ್ಟಿದರೆ, ಗೀರಿದರೆ, ಸೂಜಿ ಚುಚ್ಚಿದರೆ ಜೀವ ಹೋಗುವಂತೆ ನೋಯುತ್ತದೆ. ಗೆರೆಯ ಮೇಲಿನದು ಕರುಳಿನ ನೆಂಟ: ಅಲ್ಲಿ ಕತ್ತರಿಸಿದರೂ ಚರ್ಮಕ್ಕಾಗುವಂಥ ನೋವು ಆಗುವುದಿಲ್ಲ. ಒಳಗಿನ ಮೂಲವ್ಯಾಧಿ ನೋವಿಲ್ಲದೆ ರಕ್ತ ಸುರಿಸುವುದು ಇದೇ ಕಾರಣಕ್ಕೆ. ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಪಾಲಿಪ್ ಎಂಬ ಸಣ್ಣ ಗಂಟು, ಕೊನೆಗೆ ಕ್ಯಾನ್ಸರ್ ಕೂಡ, ಬಹುಕಾಲ ನೋವಿಲ್ಲದೆ ಕುಳಿತಿರುವುದೂ ಇದೇ ಕಾರಣಕ್ಕೆ. ಏಳು ತಿಂಗಳು ನಾನು ನನಗೆ ಹೇಳಿಕೊಂಡ ಸಮಾಧಾನದ ಮಾತು ಒಂದೇ ಆಗಿತ್ತು: ನೋವಿಲ್ಲವಲ್ಲ. ಆ ಗೆರೆಯ ಮೇಲ್ಭಾಗದಲ್ಲಿ ನೋವಿಲ್ಲ ಎಂಬ ಮಾತಿಗೆ ಯಾವ ಬೆಲೆಯೂ ಇಲ್ಲ.

ನೋವು ಇದ್ದರೆ ಕಥೆ ಬೇರೆ. ಗಟ್ಟಿಯಾದ ಮಲ ಹೊರಬರುವಾಗ ಗುದದ ಅಂಚಿನ ತೆಳುವಾದ ಚರ್ಮ ಸೀಳಿದರೆ ಅದನ್ನು ಫಿಷರ್ ಎನ್ನುತ್ತಾರೆ. ಬ್ಲೇಡಿನಿಂದ ಕೊಯ್ದಂತೆ, ಗಾಜಿನ ಚೂರು ಹೊರಬಂದಂತೆ ಎಂದು ಅದನ್ನು ಅನುಭವಿಸಿದವರು ಹೇಳುತ್ತಾರೆ. ಶೌಚ ಮುಗಿದು ಅರ್ಧ ಗಂಟೆ, ಕೆಲವೊಮ್ಮೆ ಗಂಟೆಗಳ ಕಾಲ ಉರಿ ಇಳಿಯುವುದಿಲ್ಲ. ಸೀಳು ಸಣ್ಣದು, ರಕ್ತ ಸ್ವಲ್ಪವೇ, ಆದರೆ ಒಳಗಿನ ಸ್ನಾಯು ನೋವಿಗೆ ಹೆದರಿ ಬಿಗಿದುಕೊಳ್ಳುತ್ತದೆ. ಬಿಗಿದಾಗ ಗಾಯಕ್ಕೆ ರಕ್ತದ ಪೂರೈಕೆ ಕುಗ್ಗುತ್ತದೆ. ಪೂರೈಕೆ ಕುಗ್ಗಿದ ಗಾಯ ಮಾಯುವುದಿಲ್ಲ. ಅಷ್ಟರಲ್ಲಿ ರೋಗಿ ನೋವಿಗೆ ಅಂಜಿ ಶೌಚವನ್ನೇ ತಡೆದುಕೊಂಡಿರುತ್ತಾನೆ, ಮಲ ಇನ್ನಷ್ಟು ಗಟ್ಟಿಯಾಗಿರುತ್ತದೆ. ಮಲವನ್ನು ಮೆದುಗೊಳಿಸಿ, ದಿನಕ್ಕೆ ಎರಡು ಮೂರು ಸಲ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಕುಳಿತರೆ ಹೊಸ ಸೀಳುಗಳು ಹೆಚ್ಚಾಗಿ ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತವೆ. ಆರೆಂಟು ವಾರ ದಾಟಿದರೆ ಸ್ನಾಯುವನ್ನು ಸಡಿಲಿಸುವ ಡಿಲ್ಟಿಯಾಜೆಮ್ ಅಥವಾ ನೈಟ್ರೋಗ್ಲಿಸರಿನ್ ಮುಲಾಮನ್ನು ವೈದ್ಯರು ಕೊಡುತ್ತಾರೆ. ಎರಡನೆಯದು ತಲೆನೋವು ತರುತ್ತದೆಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಈ ಸೀಳು ಸಾಮಾನ್ಯವಾಗಿ ಹಿಂಬದಿಯ ನಡುಗೆರೆಯಲ್ಲಿರುತ್ತದೆ. ಪಕ್ಕದಲ್ಲಿ ಕಂಡರೆ ವೈದ್ಯರು ಹುಬ್ಬುಗಂಟಿಕ್ಕಿ ಬೇರೆ ಕಾರಣ ಹುಡುಕಲು ತೊಡಗುತ್ತಾರೆ.

ರಕ್ತದ ಬಣ್ಣದ ಬಗ್ಗೆ ಸ್ವಲ್ಪ ನಿಧಾನವಾಗಿ ಬರೆಯಬೇಕು, ಏಕೆಂದರೆ ನಾಚಿಕೆಯಿಂದ ನಾವು ಬೇಗ ನೀರು ಬಿಟ್ಟು ಅಳಿಸಿಹಾಕುವ ಸಾಕ್ಷ್ಯ ಅದೇ. ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳಿನ ಕೊನೆಯಲ್ಲಿ ಸುರಿದ ರಕ್ತ ಹೊರಬರಲು ಹೊತ್ತು ಬೇಕಿಲ್ಲದ್ದರಿಂದ ಕೆಂಪಾಗಿಯೇ ಇರುತ್ತದೆ; ಮಲದ ಹೊರಮೈಗೆ ಸವರಿದಂತೆಯೋ, ಕೊನೆಯಲ್ಲಿ ಹನಿಹನಿಯಾಗಿಯೋ, ಒರೆಸಿದ ಕಾಗದದ ಮೇಲೋ ಕಾಣುತ್ತದೆ. ಇನ್ನೂ ಮೇಲಿನಿಂದ ಬಂದ ರಕ್ತ ಮಲದೊಂದಿಗೆ ಬೆರೆತು ಕಂದುಗೆಂಪಾಗಿರುತ್ತದೆ. ಜಠರದಿಂದಲೋ ಸಣ್ಣ ಕರುಳಿನ ಮೊದಲ ತುದಿಯಿಂದಲೋ ಹೊರಟದ್ದು ದಾರಿಯುದ್ದಕ್ಕೂ ಜೀರ್ಣವಾಗುತ್ತ ಬಂದು ಡಾಂಬರಿನಂತೆ ಕಪ್ಪಗೆ, ಜಿಗುಟಾಗಿ, ಒಮ್ಮೆ ಮೂಗಿಗೆ ಬಡಿದರೆ ಮರೆಯಲಾಗದ ವಾಸನೆಯೊಂದಿಗೆ ಹೊರಬರುತ್ತದೆ. ಇಷ್ಟಕ್ಕೆ ಬೇಕಾಗುವ ರಕ್ತ 50ರಿಂದ 100 ಮಿಲಿಲೀಟರ್ ಮಾತ್ರ. ಕೆಂಪನ್ನು ಕಂಡು ಹೌಹಾರುವ ಜನ ಕಪ್ಪನ್ನು ಕಂಡು ಸುಮ್ಮನಿರುತ್ತಾರೆ, ಅದು ರಕ್ತವೆಂದೇ ಅವರಿಗೆ ಹೊಳೆಯುವುದಿಲ್ಲ. ಅಪಾಯದ ದೃಷ್ಟಿಯಿಂದ ಇದು ಹಲವು ಬಾರಿ ತಲೆಕೆಳಗು.

ಬಣ್ಣ ಮೋಸವನ್ನೂ ಮಾಡುತ್ತದೆ. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರ ಮಲ ಕಪ್ಪಾಗುವುದು ಸಹಜ, ಬಿಸ್ಮತ್ ಇರುವ ಹೊಟ್ಟೆಯ ಔಷಧಿಯಿಂದಲೂ ಹಾಗೆಯೇ; ಆ ಕಪ್ಪಿಗೆ ಡಾಂಬರಿನ ಜಿಗುಟಿರುವುದಿಲ್ಲ. ಬೀಟ್‌ರೂಟ್ ತಿಂದ ಮರುದಿನ ಮಲ ಕೆಂಪಾಗಿ ಕಂಡು ಎದೆ ಝಲ್ಲೆಂದವರಿದ್ದಾರೆ. ಇನ್ನೊಂದು ಕಡೆ, ಜಠರದ ಹುಣ್ಣೊಂದು ಜೋರಾಗಿ ರಕ್ತ ಕಾರತೊಡಗಿದರೆ ಜೀರ್ಣವಾಗಲು ಹೊತ್ತೇ ಸಿಗದೆ ಕೆಂಪು ರಕ್ತವೇ ಕೆಳಗಿಳಿಯಬಹುದು; ಆಗ ತಲೆಸುತ್ತು ಜೊತೆಗೇ ಬರುತ್ತದೆ. ಎಲ್ಲಕ್ಕಿಂತ ಮೋಸದ್ದು ಕಾಣದ ರಕ್ತ. ದೊಡ್ಡ ಕರುಳಿನ ಬಲಬದಿಯ ಗಡ್ಡೆಗಳಿಂದ ರಕ್ತ ದಿನಕ್ಕಿಷ್ಟು ಎಂದು ಸೋರುತ್ತ ಮಲದಲ್ಲಿ ಕರಗಿಹೋಗುತ್ತದೆ, ಕಣ್ಣಿಗೆ ಬೀಳುವುದು ರಕ್ತಹೀನತೆ ಮಾತ್ರ. ಪ್ರಮಾಣದ ವಿಷಯದಲ್ಲಿಯೂ ಕಣ್ಣನ್ನು ನಂಬುವಂತಿಲ್ಲ. ಅರ್ಧ ಚಮಚ ರಕ್ತ ಸಾಕು, ಕಮೋಡಿನ ನೀರೆಲ್ಲ ಕೆಂಪಾಗಿ ಕಾಣಲು. ಹಾಗಾಗಿ ಎಷ್ಟು ರಕ್ತ ಹೋಯಿತು ಎಂಬ ಪ್ರಶ್ನೆಗೆ ನೀರಿನ ಬಣ್ಣಕ್ಕಿಂತ ದೇಹವೇ ಒಳ್ಳೆಯ ಉತ್ತರ ಕೊಡುತ್ತದೆ.

ದೇಹ ನನಗೂ ಹೇಳುತ್ತಿತ್ತು, ನಾನು ಕೇಳಿಸಿಕೊಳ್ಳಲಿಲ್ಲ. ಎರಡನೆಯ ಮಹಡಿಗೆ ಹತ್ತುವಾಗ ನಡುವೆ ಒಮ್ಮೆ ನಿಲ್ಲುವ ಅಭ್ಯಾಸ ಯಾವಾಗ ಶುರುವಾಯಿತೆಂದು ನೆನಪಿಲ್ಲ. ವಯಸ್ಸಾಯಿತು ಎಂದುಕೊಂಡೆ. ಅದೂ ಪೈಲ್ಸ್‌ನಂಥದೇ ಇನ್ನೊಂದು ಹೆಸರು, ಇನ್ನೊಂದು ಮುಚ್ಚಳ. ಕೊನೆಗೆ ವೈದ್ಯರ ಬಳಿಗೆ ಹೋದದ್ದು ಧೈರ್ಯ ಬಂದು ಅಲ್ಲ; ಒಂದು ದಿನ ನೀರು ಬಿಡಲು ಮರೆತು ಹೊರಬಂದಿದ್ದೆ, ನನ್ನ ಹಿಂದೆ ಹೋದ ಹೆಂಡತಿ ಅದನ್ನು ನೋಡಿದಳು. ‘ಎಷ್ಟು ದಿನದಿಂದ?’ ಎಂದು ಕೇಳಿದಳು. ಉತ್ತರ ದಿನಗಳಲ್ಲಿರಲಿಲ್ಲ.

ವೈದ್ಯೆ ನನಗಿಂತ ಹತ್ತು ಹದಿನೈದು ವರ್ಷ ಚಿಕ್ಕವರು. ‘ಪೈಲ್ಸ್ ಆಗಿದೆ, ಒಂದು ಮುಲಾಮು ಬರೆದುಕೊಟ್ಟರೆ ಸಾಕು’ ಎಂದು ಕುಳಿತ ಕೂಡಲೇ ಹೇಳಿದೆ. ‘ಪೈಲ್ಸ್ ಹೌದೋ ಅಲ್ಲವೋ ನಾನು ನೋಡುತ್ತೇನೆ. ನೀವು ಏನು ಕಂಡಿರಿ, ಅದನ್ನು ಹೇಳಿ’ ಎಂದರು. ಆಮೇಲೆ ಕೇಳಿದ ಪ್ರಶ್ನೆಗಳಲ್ಲಿ ಅರ್ಧಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ರಕ್ತ ಮಲದೊಂದಿಗೆ ಬೆರೆತಿತ್ತೇ, ಮೇಲೆ ಸವರಿದಂತಿತ್ತೇ, ಕೊನೆಯಲ್ಲಿ ತೊಟ್ಟಿಕ್ಕಿತೇ? ಲೋಳೆ ಇತ್ತೇ? ಕೆಲವು ತಿಂಗಳ ಹಿಂದಿನ ರೂಢಿಗೂ ಈಗಿನದಕ್ಕೂ ವ್ಯತ್ಯಾಸವಿದೆಯೇ, ಅಂದರೆ ಹೊಸದಾಗಿ ಮಲಬದ್ಧತೆಯೋ, ಹೊಸದಾಗಿ ಭೇದಿಯೋ, ಮಲ ತೆಳುವಾಗಿ ಬರುವುದೋ? ಹೋಗಿ ಬಂದ ಮೇಲೂ ಇನ್ನೂ ಹೋಗಬೇಕು ಎನ್ನಿಸುತ್ತದೆಯೇ? ಶೌಚಕ್ಕಾಗಿ ರಾತ್ರಿ ನಿದ್ದೆಯಿಂದ ಏಳಬೇಕಾಗುತ್ತದೆಯೇ? ತೂಕ ಇಳಿದಿದೆಯೇ? ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಅಥವಾ ಪಾಲಿಪ್ ಇತ್ತೇ? ಆಸ್ಪಿರಿನ್, ರಕ್ತ ತೆಳುಗೊಳಿಸುವ ಮಾತ್ರೆ, ನೋವಿನ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತೀರಾ? ರಾತ್ರಿ ಏಳುವ ಪ್ರಶ್ನೆ ಯಾಕೆಂದು ಕೇಳಿದೆ. ಆತಂಕದಿಂದ ಕೆಡುವ ಹೊಟ್ಟೆ ಸಾಮಾನ್ಯವಾಗಿ ನಿದ್ದೆ ಕೆಡಿಸುವುದಿಲ್ಲ. ಅಲ್ಸರೇಟಿವ್ ಕೊಲೈಟಿಸ್‌ನಂಥ ಕರುಳಿನ ಉರಿಯೂತ ನಿದ್ದೆಯಿಂದ ಎಬ್ಬಿಸಿ ಕಳಿಸುತ್ತದೆ ಎಂದರು. ಇಂಥ ರೋಗ ಹೆಚ್ಚಾಗಿ ತೋರಿಕೊಳ್ಳುವುದು ಹದಿಹರೆಯದಲ್ಲಿ, ಇಪ್ಪತ್ತು ಮೂವತ್ತರ ಪ್ರಾಯದಲ್ಲಿ. ಆ ವಯಸ್ಸಿನವರು ಲೋಳೆ ಮತ್ತು ರಕ್ತ ಬೆರೆತ ಭೇದಿಯನ್ನು ವಾರಗಟ್ಟಲೆ ಹೊಟ್ಟೆ ಕೆಟ್ಟಿದ್ದೆಂದು ತಳ್ಳಿಹಾಕಬಾರದು.

ಪರೀಕ್ಷೆಯ ಬಗ್ಗೆ ಏಳು ತಿಂಗಳು ನಾನು ಕಲ್ಪಿಸಿಕೊಂಡದ್ದು ಒಂದು, ನಡೆದದ್ದು ಇನ್ನೊಂದು. ಎಡ ಮಗ್ಗುಲಿಗೆ ಮಲಗಿ, ಮೊಣಕಾಲುಗಳನ್ನು ಎದೆಯ ಕಡೆಗೆ ಮಡಚಿಕೊಳ್ಳಬೇಕು. ಸೊಂಟದ ಮೇಲೆ ಬಟ್ಟೆ ಹೊದಿಸಿದರು. ಮೊದಲು ಬರಿಗಣ್ಣಿನಿಂದ ನೋಡಿದರು, ಬಳಿಕ ಕೈಗವಸು ತೊಟ್ಟ ಬೆರಳಿಗೆ ಜೆಲ್ ಸವರಿ ಒಳಗಿನ ಗೋಡೆಯನ್ನು ಸುತ್ತಲೂ ತಡವಿ ನೋಡಿದರು, ಆಮೇಲೆ ಪ್ರೋಕ್ಟೋಸ್ಕೋಪ್ ಎಂಬ ಗಿಡ್ಡ ನಳಿಕೆಯಿಂದ ಬೆಳಕು ಹಾಯಿಸಿದರು. ಗೋಡೆಯ ಮೇಲೆ ನೇತುಹಾಕಿದ್ದ ಗಡಿಯಾರವನ್ನೇ ನಾನು ನೋಡುತ್ತಿದ್ದೆ. ಎಲ್ಲ ಸೇರಿ ನಾಲ್ಕು ನಿಮಿಷ. ನೋವಲ್ಲ, ಒತ್ತಡ. ನಾಲ್ಕು ನಿಮಿಷವನ್ನು ತಪ್ಪಿಸಿಕೊಳ್ಳಲು ಏಳು ತಿಂಗಳು ತೆತ್ತಿದ್ದೆನಲ್ಲ ಎಂದು ಪ್ಯಾಂಟಿನ ಗುಂಡಿ ಹಾಕಿಕೊಳ್ಳುವಾಗ ನಗು ಬಂತು.

‘ಮೊದಲ ಹಂತದ ಪೈಲ್ಸ್ ಇದೆ’ ಎಂದರು. ನನ್ನ ರೋಗವನ್ನು ನಾನೇ ಸರಿಯಾಗಿ ಹೇಳಿದ್ದೆನೆಂಬ ಹೆಮ್ಮೆಯಿಂದ ಎದ್ದು ನಿಂತೆ. ಅವರು ಕುಳಿತುಕೊಳ್ಳಲು ಹೇಳಿ ಮುಂದುವರಿಸಿದರು: ‘ಪೈಲ್ಸ್ ಇದೆ ಎಂದಷ್ಟೇ ಗೊತ್ತಾಯಿತು. ಮೇಲೆ ಬೇರೇನೂ ಇಲ್ಲ ಎಂದು ಗೊತ್ತಾಗಲಿಲ್ಲ.’ ಆ ಎರಡು ವಾಕ್ಯಗಳ ನಡುವಿನ ಅಂತರವನ್ನು ಅರ್ಥ ಮಾಡಿಕೊಳ್ಳುವುದಕ್ಕಾಗಿಯೇ ಈ ಬರಹವೆಂದರೂ ನಡೆದೀತು. ಮೂಲವ್ಯಾಧಿ ಎಷ್ಟು ಸಾಮಾನ್ಯವೆಂದರೆ, ಐವತ್ತು ದಾಟಿದವರಲ್ಲಿ ಹುಡುಕಿದರೆ ಅದು ಸಿಗುವುದು ಆಶ್ಚರ್ಯವಲ್ಲ. ಇದ್ದ ಮಾತ್ರಕ್ಕೆ ರಕ್ತ ಅದರದೇ ಎಂದು ಹೇಳುವುದು, ಮನೆಯಲ್ಲಿ ಬೆಕ್ಕಿದೆ, ಆದ್ದರಿಂದ ಹಾಲು ಕುಡಿದದ್ದು ಅದೇ ಎಂದು ತೀರ್ಮಾನಿಸಿದಂತೆ. ರಕ್ತಪರೀಕ್ಷೆಯಲ್ಲಿ ನನ್ನ ಹಿಮೋಗ್ಲೋಬಿನ್ 12.1 ಬಂತು, ವಯಸ್ಕ ಗಂಡಸರಲ್ಲಿ 13ಕ್ಕಿಂತ ಕೆಳಗಿದ್ದರೆ, ಬಸಿರಿಲ್ಲದ ಹೆಂಗಸರಲ್ಲಿ 12ಕ್ಕಿಂತ ಕೆಳಗಿದ್ದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಕೂಡ ಕಡಿಮೆಯಿತ್ತು. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಾರಣ ತಿಳಿಯದ ಕಬ್ಬಿಣದ ಕೊರತೆ ಕಂಡರೆ, ಕಣ್ಣಿಗೆ ರಕ್ತ ಕಾಣಲಿ ಬಿಡಲಿ, ಜಠರ ಮತ್ತು ಕರುಳನ್ನು ಒಮ್ಮೆ ಒಳಹೊಕ್ಕು ನೋಡಬೇಕೆಂಬುದು ವೈದ್ಯಶಾಸ್ತ್ರದ ಹಳೆಯ ನಿಯಮ. ಹೀಗೆ ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಕೊಲೊನೋಸ್ಕೋಪಿಗೆ ದಿನ ಗೊತ್ತಾಯಿತು.

ಕೊಲೊನೋಸ್ಕೋಪಿಯಲ್ಲಿ ಕಷ್ಟವೆಂಬುದಿದ್ದರೆ ಅದು ಹಿಂದಿನ ದಿನದ್ದು. ಕರುಳನ್ನು ಪೂರ್ತಿ ತೊಳೆಯಲು ಉಪ್ಪುಪ್ಪಾದ ದ್ರಾವಣವನ್ನು ಲೀಟರುಗಟ್ಟಲೆ ಕುಡಿಯಬೇಕು, ನನಗೆ ಎರಡು ಲೀಟರ್ ಹೇಳಿದ್ದರು. ಅರ್ಧ ಸಂಜೆ, ಅರ್ಧ ಬೆಳಗಿನ ಜಾವ. ಕೊನೆಗೆ ಹೊರಬರುವುದು ತಿಳಿಹಳದಿ ನೀರು ಮಾತ್ರವಾಗಬೇಕು, ಇಲ್ಲವಾದರೆ ಕ್ಯಾಮೆರಾಕ್ಕೆ ಗೋಡೆ ಕಾಣಿಸದೆ ಶ್ರಮವೆಲ್ಲ ದಂಡ. ಮರುದಿನ ಮಂಪರಿನ ಚುಚ್ಚುಮದ್ದು ಕೊಟ್ಟ ನೆನಪಿದೆ, ಎದ್ದ ನೆನಪಿದೆ. ನಡುವೆ, ಮಲಾಶಯದ ಮೇಲ್ಗಡೆಯ ತಿರುವಿನಲ್ಲಿ 12 ಮಿಲಿಮೀಟರಿನ, ತೊಟ್ಟಿರುವ ಒಂದು ಪಾಲಿಪ್ ಸಿಕ್ಕಿತ್ತು. ತಂತಿಯ ಕುಣಿಕೆ ಹಾಕಿ ಅಲ್ಲಿಯೇ ಕತ್ತರಿಸಿ ತೆಗೆದಿದ್ದರು. ಪರದೆಯ ಚಿತ್ರವನ್ನು ಆಮೇಲೆ ತೋರಿಸಿದರು. ನಸುಗೆಂಪು ಒದ್ದೆ ಗೋಡೆಯ ಮೇಲೆ ಚಿಕ್ಕ ಅಣಬೆಯೊಂದು ತಲೆಯೆತ್ತಿ ನಿಂತಿತ್ತು, ಅಷ್ಟೇ. ಜೀವಕೋಶಗಳ ಪರೀಕ್ಷೆಯಲ್ಲಿ ಅದು ಅಡಿನೋಮಾ ಎಂದಾಯಿತು, ಅಂದರೆ ಕ್ಯಾನ್ಸರ್ ಅಲ್ಲ. ಎಲ್ಲ ಅಡಿನೋಮಾಗಳೂ ಕ್ಯಾನ್ಸರ್ ಆಗುವುದಿಲ್ಲ, ಬಹುತೇಕ ಆಗುವುದೇ ಇಲ್ಲ. ಆದರೆ ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಇಂಥದೇ ಅಣಬೆಗಳಿಂದ, ಹತ್ತು ವರ್ಷದ ಆಸುಪಾಸಿನ ನಿಧಾನದಲ್ಲಿ ಬೆಳೆದು ಬಂದಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನಲ್ಲಿ 19 ಲಕ್ಷಕ್ಕೂ ಹೆಚ್ಚು ಜನರಿಗೆ ಈ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು, 9.3 ಲಕ್ಷಕ್ಕೂ ಹೆಚ್ಚು ಜನ ಅದರಿಂದ ತೀರಿಕೊಂಡರು. ಇಷ್ಟು ನಿಧಾನವಾಗಿ ನಡೆದು ಬರುವ, ನಡೆಯುವ ದಾರಿಯಲ್ಲೇ ತಡೆಯಬಹುದಾದ ರೋಗಕ್ಕೆ ಈ ಸಂಖ್ಯೆ ದೊಡ್ಡದು.

ಆ ಏಳು ತಿಂಗಳ ರಕ್ತ ಪಾಲಿಪ್‌ನದ್ದೇ ಎಂದು ಕೇಳಿದೆ. ಹೇಳಲು ಬರುವುದಿಲ್ಲ, ಕಮೋಡಿನ ಮೇಲಿನ ಹನಿಗಳು ಬಹುಶಃ ಪೈಲ್ಸ್‌ನಿಂದಲೇ ಬಂದಿರಬಹುದು ಎಂದರು. ಅಂದರೆ ಮೊದಲ ದಿನದ ನನ್ನ ತೀರ್ಪು ಸರಿಯಾಗಿದ್ದಿರಲೂಬಹುದು. ಸರಿಯಾದ ಉತ್ತರ ಕೈಯಲ್ಲಿಟ್ಟುಕೊಂಡೇ ಅಣಬೆಯನ್ನು ಬೆಳೆಯಲು ಬಿಡುತ್ತಿದ್ದೆ ಎಂಬುದನ್ನು ಅರಗಿಸಿಕೊಳ್ಳಲು, ತಪ್ಪು ತಿಳಿದಿದ್ದೆ ಎಂಬುದನ್ನು ಅರಗಿಸಿಕೊಳ್ಳುವುದಕ್ಕಿಂತ ಹೆಚ್ಚು ಹೊತ್ತು ನನಗೆ ಹಿಡಿಯಿತು.

ಹಾಗಾದರೆ ಯಾರು, ಯಾವಾಗ ಹೋಗಬೇಕು? ಗಟ್ಟಿ ಮಲದ ದಿನ ಒಮ್ಮೆ ಕಾಗದದ ಮೇಲೆ ಒಂದು ಗೀರು ಕೆಂಪು ಕಂಡ, ಬೇರೆ ಯಾವ ತೊಂದರೆಯೂ ಇಲ್ಲದ ಇಪ್ಪತ್ತೈದರ ಯುವಕ ನಾರು ಮತ್ತು ನೀರನ್ನು ಹೆಚ್ಚಿಸಿ ಒಂದೆರಡು ವಾರ ನೋಡುವುದರಲ್ಲಿ ತಪ್ಪಿಲ್ಲ. ಮತ್ತೆ ಮತ್ತೆ ಬಂದರೆ ಅವನೂ ತೋರಿಸಿಕೊಳ್ಳಬೇಕು. ನಲವತ್ತೈದು ದಾಟಿದವರು, ಮಲದ ರೂಢಿ ಬದಲಾದವರು, ಕಾರಣವಿಲ್ಲದೆ ತೂಕ ಇಳಿದವರು, ಸುಸ್ತು ಹಿಡಿದವರು, ಕುಟುಂಬದಲ್ಲಿ ಈ ಕ್ಯಾನ್ಸರ್ ಕಂಡವರು ಕಾದು ನೋಡುವ ಮಾತೇ ಬೇಡ, ದಿನಗಳ ಲೆಕ್ಕದಲ್ಲಿ ವೈದ್ಯರನ್ನು ಕಾಣಬೇಕು. ಚಿಕ್ಕ ವಯಸ್ಸು ಪೂರ್ತಿ ರಕ್ಷೆಯೂ ಅಲ್ಲ. ಐವತ್ತರೊಳಗಿನವರಲ್ಲಿ ಈ ಕ್ಯಾನ್ಸರ್ ಹೆಚ್ಚುತ್ತಿರುವುದನ್ನು ಹಲವು ದೇಶಗಳು ಗಮನಿಸಿವೆ, ಅಮೆರಿಕವು ಲಕ್ಷಣಗಳಿಲ್ಲದವರ ತಪಾಸಣೆ ಆರಂಭಿಸುವ ವಯಸ್ಸನ್ನು 2021ರಲ್ಲಿ 50ರಿಂದ 45ಕ್ಕೆ ಇಳಿಸಿತು. ಜ್ವರದೊಂದಿಗೆ ರಕ್ತಭೇದಿಯಾಗುತ್ತಿದ್ದರೆ ಅಂದೇ ಹೋಗಬೇಕು. ಅದು ಸೋಂಕಿನ ಆಮಶಂಕೆಯಾಗಿರಬಹುದು, ಬ್ಯಾಕ್ಟೀರಿಯಾದ್ದೋ ಅಮೀಬಾದ್ದೋ ಎಂಬುದರ ಮೇಲೆ ಚಿಕಿತ್ಸೆ ಬೇರೆ ಬೇರೆ. ಭೇದಿ ನಿಲ್ಲಿಸುವ ಮಾತ್ರೆಯನ್ನು ತಾವಾಗಿ ನುಂಗುವುದು ಇಂಥಲ್ಲಿ ಅಪಾಯಕರ.

ಇನ್ನು ಕೆಲವು ಸಂದರ್ಭಗಳಲ್ಲಿ ಅಪಾಯಿಂಟ್‌ಮೆಂಟ್ ಕೇಳುತ್ತ ಕೂರಬಾರದು, ತುರ್ತು ಚಿಕಿತ್ಸಾ ಘಟಕಕ್ಕೇ ಹೋಗಬೇಕು. ರಕ್ತ ನಿಲ್ಲದೆ ಸುರಿಯುತ್ತಿದ್ದರೆ, ಹೆಪ್ಪುಗಟ್ಟಿದ ಗಡ್ಡೆಗಳು ಬೀಳುತ್ತಿದ್ದರೆ, ಮಲ ಡಾಂಬರಿನಂತಿದ್ದರೆ, ರಕ್ತವಾಂತಿಯಾದರೆ, ಎದ್ದು ನಿಂತಾಗ ಕಣ್ಣು ಕತ್ತಲೆಗಟ್ಟಿದರೆ, ತಣ್ಣನೆಯ ಬೆವರು, ಏದುಸಿರು, ಎದೆಬಡಿತ ಏರಿದರೆ, ಹೊಟ್ಟೆ ಹಲಗೆಯಂತೆ ಬಿಗಿದು ನೋಯುತ್ತಿದ್ದರೆ ಅದು ಆ ಗಳಿಗೆಯ ಕೆಲಸ. ಮನೆಯಲ್ಲಿ ರಕ್ತದೊತ್ತಡ ಅಳೆಯುವ ಯಂತ್ರವಿರುವವರಿಗೆ ಒಂದು ಸುಲಭ ಗುರುತಿದೆ: ನಾಡಿಬಡಿತದ ಸಂಖ್ಯೆ ರಕ್ತದೊತ್ತಡದ ಮೇಲಿನ ಸಂಖ್ಯೆಯನ್ನು ಮೀರಿದ್ದರೆ ದೇಹ ಸೋಲುತ್ತಿದೆ ಎಂದೇ ಅರ್ಥ. ಮೀರಿಲ್ಲವೆಂದ ಮಾತ್ರಕ್ಕೆ ನಿಶ್ಚಿಂತೆಯೂ ಇಲ್ಲ. ವಯಸ್ಸಾದವರಲ್ಲಿ ಕರುಳಿನ ಗೋಡೆಯ ಸಣ್ಣ ಚೀಲಗಳಿಂದ, ಅಂದರೆ ಡೈವರ್ಟಿಕ್ಯುಲಾಗಳಿಂದ, ಯಾವ ನೋವೂ ಇಲ್ಲದೆ ಒಮ್ಮೆಲೇ ಬಟ್ಟಲುಗಟ್ಟಲೆ ರಕ್ತ ಹೋಗುವುದುಂಟು. ಹೆಚ್ಚಿನವರಲ್ಲಿ ಅದು ತಾನಾಗಿ ನಿಲ್ಲುತ್ತದೆ, ಯಾರಲ್ಲಿ ನಿಲ್ಲುತ್ತದೆಂದು ಮನೆಯಲ್ಲಿ ಕುಳಿತು ಹೇಳುವಂತಿಲ್ಲ. ಹೊರಡುವಾಗ ರೋಗಿ ತಾನೇ ವಾಹನ ನಡೆಸಬಾರದು, ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಜೊತೆಗೆ ಒಯ್ಯಬೇಕು.

ಮಾತ್ರೆಗಳ ಮಾತು ಬಂದದ್ದರಿಂದ ಇದನ್ನು ಹೇಳಲೇಬೇಕು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಕಂಡ ಭಯದಲ್ಲಿ ಆಸ್ಪಿರಿನ್ ಅಥವಾ ಕ್ಲೊಪಿಡೋಗ್ರೆಲ್ ಅನ್ನು ತಾವಾಗಿ ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ನಿಲ್ಲಿಸುವುದೋ ಮುಂದುವರಿಸುವುದೋ ವೈದ್ಯರ ತೀರ್ಮಾನ. ರಕ್ತ ತೆಳುಗೊಳಿಸುವ ಮಾತ್ರೆಯಿಂದಲೇ ಹೀಗಾಯಿತು ಎಂದು ಅಷ್ಟಕ್ಕೇ ಬಿಡುವುದೂ ಸರಿಯಲ್ಲ, ಏಕೆಂದರೆ ಅದು ಹಲವು ಬಾರಿ ಅಡಗಿದ್ದ ಪಾಲಿಪ್ಪನ್ನೋ ಹುಣ್ಣನ್ನೋ ಬೇಗ ಹೊರಗೆ ತೋರಿಸಿ ಉಪಕಾರವನ್ನೇ ಮಾಡಿರುತ್ತದೆ. ಮಂಡಿನೋವಿಗೆಂದು ದಿನವೂ ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಜಠರದಿಂದ ಹಿಡಿದು ದೊಡ್ಡ ಕರುಳಿನವರೆಗೆ ಎಲ್ಲಿ ಬೇಕಾದರೂ ರಕ್ತ ತರಿಸಬಲ್ಲವು. ಮಕ್ಕಳ ವಿಷಯ ಬೇರೆಯೇ: ಹೆಚ್ಚಿನ ಸಲ ಮಲಬದ್ಧತೆಯ ಸೀಳು ಕಾರಣವಾಗಿರುತ್ತದೆ, ಆದರೆ ಎಳೆಯ ಮಗು ಅಲೆಅಲೆಯಾಗಿ ಕಿರುಚಿ ಅಳುತ್ತ, ವಾಂತಿ ಮಾಡಿಕೊಳ್ಳುತ್ತ, ಲೋಳೆಯೊಂದಿಗೆ ಜೆಲ್ಲಿಯಂಥ ಕೆಂಪು ಮಲ ಹಾಕಿದರೆ ಕರುಳು ಕರುಳಿನೊಳಗೆ ಸೇರಿಕೊಂಡಿರಬಹುದು, ಆಗ ಗಂಟೆಗಳೂ ಮುಖ್ಯ.

ನನ್ನ ಪೈಲ್ಸ್‌ಗೆ ಕೊನೆಗೂ ಆದ ಚಿಕಿತ್ಸೆ ಹೇಳಿಕೊಳ್ಳುವಂಥದ್ದೇನಲ್ಲ. ದಿನಕ್ಕೆ 25ರಿಂದ 30 ಗ್ರಾಂ ನಾರು, ಅದನ್ನೂ ಒಮ್ಮೆಲೇ ಅಲ್ಲ, ವಾರವಾರಕ್ಕೆ ಏರಿಸುತ್ತ, ಸಾಕಷ್ಟು ನೀರು, ಪಾದದ ಕೆಳಗೊಂದು ಗಿಡ್ಡ ಮಣೆ, ಮತ್ತು ಫೋನಿಗೆ ಶೌಚಾಲಯಕ್ಕೆ ಪ್ರವೇಶವಿಲ್ಲ. ಕಡೆಯದು ಎಲ್ಲಕ್ಕಿಂತ ಕಠಿಣ ಪಥ್ಯವಾಗಿತ್ತು. ಇದಕ್ಕೆ ಬಗ್ಗದಿದ್ದರೆ ಒಳಗಿನ ಮೂಲವ್ಯಾಧಿಯ ಬುಡಕ್ಕೆ ಸಣ್ಣ ರಬ್ಬರ್ ಉಂಗುರ ಹಾಕುತ್ತಾರೆ, ರಕ್ತ ಸಿಗದೆ ಅದು ಬಾಡಿ ವಾರ ಹತ್ತು ದಿನದಲ್ಲಿ ಉದುರುತ್ತದೆ. ಆ ಉಂಗುರವನ್ನೂ ನೋವಿಲ್ಲದ ಗೆರೆಯ ಮೇಲ್ಭಾಗದಲ್ಲೇ ಹಾಕುತ್ತಾರೆ. ನನಗೆ ಅದು ಬೇಕಾಗಲಿಲ್ಲ. ಮೂರು ವರ್ಷದ ಮೇಲೆ ಮತ್ತೊಮ್ಮೆ ಕೊಲೊನೋಸ್ಕೋಪಿ ಮಾಡಿಸಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟರು.

ಆ ಚೀಟಿಯ ಕೊನೆಯ ಸಾಲು ನನ್ನ ಬಗ್ಗೆ ಇರಲಿಲ್ಲ. ಒಂದು ಸೆಂಟಿಮೀಟರ್ ಮೀರಿದ ಅಡಿನೋಮಾ ಒಬ್ಬರಲ್ಲಿ ಸಿಕ್ಕರೆ ಅವರ ಒಡಹುಟ್ಟಿದವರು, ಮಕ್ಕಳು 40ನೆಯ ವಯಸ್ಸಿನಿಂದಲೇ, ಅಥವಾ ಅವರಿಗೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದು ಹಲವು ಮಾರ್ಗಸೂಚಿಗಳು ಹೇಳುತ್ತವೆ. ನನ್ನ ತಮ್ಮನಿಗೆ 46. ಹೇಳಲೇಬೇಕಿತ್ತು. ಫೋನ್ ಮಾಡಿ ಮಕ್ಕಳ ಓದು, ಮಳೆ, ಅವನ ಕೆಲಸ ಎಲ್ಲವನ್ನೂ ಸುತ್ತಿ ಬಂದ ಮೇಲೆ ಅವನೇ, ‘ಅಣ್ಣ, ಏನೋ ಹೇಳೋಕೆ ಫೋನ್ ಮಾಡಿದೀಯ, ಅದನ್ನ ಹೇಳು’ ಎಂದ. ಕಮೋಡಿನ ಹನಿಯಿಂದ ಅಣಬೆಯವರೆಗೆ ಒಂದೇ ಉಸಿರಿನಲ್ಲಿ ಹೇಳಿದೆ. ಬಾಲ್ಯದಲ್ಲಿ ಒಂದೇ ಚಾಪೆಯ ಮೇಲೆ ಮಲಗಿದವರು ನಾವು, ಆದರೂ ಇಷ್ಟು ಹೇಳಲು ನನ್ನ ಕಿವಿ ಬಿಸಿಯಾಗಿತ್ತು. ಅವನು ಕ್ಯಾನ್ಸರ್ ಬಗ್ಗೆ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ‘ಆ ನೀರು ಕುಡಿಯೋದು ನಿಜವಾಗಲೂ ಅಷ್ಟು ಕಷ್ಟಾನಾ?’ ಎಂದ.

‘ಮೊದಲನೇ ಲೀಟರ್ ಪರವಾಗಿಲ್ಲ. ಎರಡನೇದನ್ನ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡ್ಕೋ, ಸ್ಟ್ರಾ ಹಾಕಿ ನಾಲಿಗೆಯ ಹಿಂದಕ್ಕೆ ಎಳ್ಕೋ’ ಎಂದೆ. ಅವನು ಬರೆದುಕೊಳ್ಳುತ್ತಿರುವ ಸದ್ದು ಕೇಳಿಸುತ್ತಿತ್ತು. ಮುಂದಿನ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಅವನ ಪರೀಕ್ಷೆ.